ನಾಳೆ ಅಂತ ಒತ್ತಿದರೆ ಇವತ್ತು ಬರುತ್ತದೆ: ಡ್ಯೂ ಡೇಟ್ ಬಗ್ ಹಿಡಿಯುವ ದಾರಿ

ಮಲ್ಪೆಯಲ್ಲಿರುವ ನನ್ನ ದೊಡ್ಡಮ್ಮನ ಮಗ ಬೋಟಿನ ಕೆಲಸವನ್ನೆಲ್ಲ ಒಂದು ಟಾಸ್ಕ್ ಆ್ಯಪ್‌ನಲ್ಲಿ ಇಟ್ಟುಕೊಂಡಿದ್ದಾನೆ. ಐಸ್ ಪ್ಲಾಂಟಿಗೆ ದುಡ್ಡು ಕೊಡುವುದು, ಡೀಸೆಲ್ ಬಿಲ್, ಬಲೆ ರಿಪೇರಿಯವರಿಗೆ ಹೇಳುವುದು, ಇನ್ಶೂರೆನ್ಸ್ ಕಂತು, ಎಲ್ಲ ಅದರಲ್ಲೇ. ಆ ಆ್ಯಪ್ ಹಾಕಿಕೊಟ್ಟವನು ನಾನು. ಮಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು ಅಂದ ಮೇಲೆ ಕುಟುಂಬದ ಫೋನುಗಳಿಗೆಲ್ಲ ನಾನೇ ಡಾಕ್ಟರ್. ಹಾಗಾಗಿ ಬೈಗುಳವೂ ನನಗೇ ಬಂತು.

"ಎಂತ ಮಾರಾಯ ಇದು? ಎಲ್ಲೆ ಅಂತ ಒತ್ತಿದ್ರೆ ಇನಿ ಅಂತ ಬರ್ತದೆ. ನಿನ್ನ ಆ್ಯಪಿಗೆ ತುಳು ಬರುದಿಲ್ವಾ?"

ತುಳುವಿನಲ್ಲಿ ಎಲ್ಲೆ ಅಂದರೆ ನಾಳೆ, ಇನಿ ಅಂದರೆ ಇವತ್ತು. 'ನಾಳೆ' ಬಟನ್ ಒತ್ತಿದರೆ ಟಾಸ್ಕಿಗೆ ಡ್ಯೂ ಡೇಟ್ ಆಗಿ, ಅಂದರೆ ಕೆಲಸ ಮುಗಿಸಬೇಕಾದ ದಿನವಾಗಿ, ಇವತ್ತಿನ ತಾರೀಕು ಬೀಳುತ್ತಿತ್ತು. ದಿನಾ ಅಲ್ಲ, ಎಲ್ಲದಕ್ಕೂ ಅಲ್ಲ, ಕೆಲವಕ್ಕೆ ಮಾತ್ರ. ಅಷ್ಟರಲ್ಲಿ ಐಸ್ ಪ್ಲಾಂಟಿನವರಿಗೆ ಒಂದು ದಿನ ಮುಂಚೆಯೇ ದುಡ್ಡು ಹೋಗಿತ್ತು. ಅವರಿಗೆ ಖುಷಿ, ಅಣ್ಣನಿಗೆ ಸಿಟ್ಟು.

ಆ್ಯಪ್‌ನ ಹೆಸರು ಇಲ್ಲಿ ಬೇಡ. ಈ ಬಗ್, ಅಂದರೆ ಪ್ರೋಗ್ರಾಮಿನ ದೋಷ, ಒಂದೇ ಆ್ಯಪ್‌ನ ರೋಗ ಅಲ್ಲ. ತಾರೀಕು ಇಟ್ಟುಕೊಳ್ಳುವ ಯಾವ ಆ್ಯಪ್‌ಗೂ ಬರಬಹುದಾದ ರೋಗ. ನಿಮ್ಮ ಟಾಸ್ಕ್‌ಗಳೂ ಒಂದು ದಿನ ಹಿಂದೆ ಮುಂದೆ ಆಗುತ್ತಿದ್ದರೆ, ಬೆಳಗಾಗುವಷ್ಟರಲ್ಲಿ ಕೆಂಪಾಗಿ ಕೂರುತ್ತಿದ್ದರೆ, ನಾನು ಹುಡುಕಿದ ದಾರಿಯಲ್ಲೇ ನೀವೂ ಹುಡುಕಬಹುದು. ಪ್ರೋಗ್ರಾಮಿಂಗ್ ಗೊತ್ತಿರಬೇಕು ಅಂತ ಏನಿಲ್ಲ. ಒಂದು ಹಾಳೆ, ಒಂದು ಪೆನ್ ಇದ್ದರೆ ಸಾಕು.

ಮೊದಲು ಕೈ ಕಟ್ಟಿ ಕೂರಿ

ತಾರೀಕು ತಪ್ಪಿದ್ದು ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ: ಅದನ್ನು ತಿದ್ದುವುದು. ಹಾಗೆ ಮಾಡಬೇಡಿ. ತಿದ್ದಿದರೆ ಸಾಕ್ಷಿ ಹೋಯಿತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಪ್ರತಿ ಟಾಸ್ಕ್‌ಗೂ ಐದು ವಿಷಯ ಬರೆದಿಡಿ. ಯಾವ ತಾರೀಕು ಇರಬೇಕಿತ್ತು, ಯಾವುದು ಕಾಣುತ್ತಿದೆ, ಟಾಸ್ಕ್ ಹಾಕಿದ್ದು ಎಷ್ಟು ಗಂಟೆಗೆ, ಯಾವ ಫೋನಿನಿಂದ ಅಥವಾ ಕಂಪ್ಯೂಟರಿನಿಂದ, ಮತ್ತು ತಾರೀಕು ಕೊಟ್ಟಿದ್ದು ಹೇಗೆ. ಕ್ಯಾಲೆಂಡರ್ ತೆರೆದು ಆರಿಸಿದ್ದಾ, 'ನಾಳೆ' ತರದ ಬಟನ್ ಒತ್ತಿದ್ದಾ, ಕೈಯಲ್ಲಿ ಟೈಪ್ ಮಾಡಿದ್ದಾ?

ಹಾಕಿದ ಸಮಯ ನೆನಪಿಲ್ಲದಿದ್ದರೆ ಟಾಸ್ಕ್ ತೆರೆದು ಮೂರು ಚುಕ್ಕೆ ಇರುವ ಮೆನುವಿನಲ್ಲಿ ನೋಡಿ. ತುಂಬಾ ಆ್ಯಪ್‌ಗಳಲ್ಲಿ ಆಕ್ಟಿವಿಟಿ ಅಥವಾ ಹಿಸ್ಟರಿ ಅಂತ ಒಂದು ಜಾಗ ಇರುತ್ತದೆ.

ಒಂದೆರಡು ಟಾಸ್ಕ್ ಸಾಲದು. ಸರಿಯಾಗಿರುವುದನ್ನೂ ಪಟ್ಟಿಗೆ ಸೇರಿಸಿ. ನಾನು ಅಣ್ಣನ ಫೋನಿನಿಂದ ಎಂಟು ಟಾಸ್ಕ್ ಬರೆದುಕೊಂಡೆ. ಐದು ಸರಿ, ಮೂರು ತಪ್ಪು. ತಪ್ಪಾದ ಮೂರನ್ನು ಹಾಕಿದ ಸಮಯ ಬೆಳಗಿನ 4:10, 4:40, 5:05. ಸರಿಯಾದ ಐದೂ ಒಂಬತ್ತರ ಮೇಲೆ ಹಾಕಿದ್ದು. ಅಣ್ಣ ನಾಲ್ಕಕ್ಕೆ ಎದ್ದು ಬಂದರಿಗೆ ಹೋಗುವವನು. ದಾರಿಯಲ್ಲಿ ನೆನಪಾದದ್ದನ್ನೆಲ್ಲ ಆಗಲೇ ಹಾಕಿಬಿಡುತ್ತಾನೆ. ಅತ್ತಿಗೆ ಅದೇ ಪಟ್ಟಿಗೆ ಹತ್ತು ಗಂಟೆಯ ಮೇಲೆ ಹಾಕುತ್ತಾರೆ. ಅವರದ್ದು ಒಂದೂ ತಪ್ಪಿರಲಿಲ್ಲ. "ಅವರಿಗೆ ಬಳಸ್ಲಿಕ್ಕೆ ಗೊತ್ತಿಲ್ಲ ಅಷ್ಟೇ" ಅಂತ ಅತ್ತಿಗೆ ಅದಾಗಲೇ ತೀರ್ಪು ಕೊಟ್ಟಾಗಿತ್ತು.

ಪಾಪ, ಅಣ್ಣನ ತಪ್ಪೇನೂ ಇರಲಿಲ್ಲ. ಗಂಟೆಯದ್ದು ತಪ್ಪು.

ಬೆಳಗಿನ 5:30ರ ಗುಟ್ಟು

ಆ್ಯಪ್‌ಗಳು ಸಮಯವನ್ನು ಒಳಗೆ ಇಟ್ಟುಕೊಳ್ಳುವುದು ಹೆಚ್ಚಾಗಿ ಯುಟಿಸಿಯಲ್ಲಿ. ಇಡೀ ಜಗತ್ತಿಗೆ ಒಂದೇ ಗಡಿಯಾರ ಅಂತಿಟ್ಟುಕೊಳ್ಳಿ. ನಮ್ಮ ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ನಮಗೆ ರಾತ್ರಿ 12ಕ್ಕೆ ತಾರೀಕು 20 ಆದಾಗ ಆ ಗಡಿಯಾರದಲ್ಲಿ ಇನ್ನೂ 19ನೇ ತಾರೀಕಿನ ಸಂಜೆ 6:30. ಅಲ್ಲಿ 20 ಹುಟ್ಟುವುದು ನಮ್ಮ ಬೆಳಗಿನ 5:30ಕ್ಕೆ.

ಅಂದರೆ ದಿನಾ ರಾತ್ರಿ 12ರಿಂದ ಬೆಳಗಿನ 5:30ರ ತನಕ ನಮ್ಮ ತಾರೀಕು ಬೇರೆ, ಯುಟಿಸಿಯ ತಾರೀಕು ಬೇರೆ. ಈ ಹೊತ್ತಿನಲ್ಲಿ ನೀವು 'ನಾಳೆ' ಅಂದರೆ ಈ ಬಗ್ ಇರುವ ಆ್ಯಪ್ ಯುಟಿಸಿಯ ನಾಳೆ ಹಾಕುತ್ತದೆ. ಅದು ನಿಮ್ಮ ಇವತ್ತು.

ಪಂಚಾಂಗ ನೋಡುವ ಮನೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಗೋಡೆಯ ಕ್ಯಾಲೆಂಡರಿನ ದಿನ ಶುರುವಾಗುವುದು ನಡುರಾತ್ರಿಗೆ. ಉಡುಪಿಯಲ್ಲಿ ಸೌರಮಾನದ ಲೆಕ್ಕದಲ್ಲಿ ಅಷ್ಟಮಿ ಮಾಡುವುದರಿಂದ ಕೆಲವು ವರ್ಷ ಬೇರೆ ಊರಿನವರ ಅಷ್ಟಮಿ ಮುಗಿದೇ ಹೋಗಿರುತ್ತದೆ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ಯಾರ ಲೆಕ್ಕ ಅಂತ ಹೇಳದೆ ಬರೀ ತಾರೀಕು ಹೇಳಿದರೆ ಮಾತ್ರ ಗಲಾಟೆ. ಆ್ಯಪ್‌ನಲ್ಲಿ ಆಗುವುದೂ ಇದೇ.

ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಬಂದು ಪ್ರೋಗ್ರಾಮ್ ಬರೆಯುವವರಿಗೆ ಈ ಬಗ್ ಕಾಣುವುದೇ ಇಲ್ಲ. ಮಲ್ಪೆ ಬಂದರಿನವರಿಗೆ, ಮಂಗಳೂರಿನ ಮೀನು ಧಕ್ಕೆಯವರಿಗೆ, ಹಾಲಿನ ಗಾಡಿಯವರಿಗೆ, ನೈಟ್ ಶಿಫ್ಟ್ ನರ್ಸುಗಳಿಗೆ, ರಾತ್ರಿಯಿಡೀ ಯಕ್ಷಗಾನದ ಆಟ ಕುಣಿಯುವ ಮೇಳದವರಿಗೆ ಕಾಣುತ್ತದೆ.

ಫೋನಿನ ಗಡಿಯಾರ, ಖಾತೆಯ ಗಡಿಯಾರ

ಆ್ಯಪ್ ಮೇಲೆ ಆರೋಪ ಹೊರಿಸುವ ಮುಂಚೆ ನಮ್ಮ ಕಡೆ ಸರಿ ಉಂಟಾ ನೋಡಬೇಕು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡೇಟ್ ಅಂಡ್ ಟೈಮ್. ಸ್ಯಾಮ್‌ಸಂಗ್ ಆದರೆ ಜನರಲ್ ಮ್ಯಾನೇಜ್‌ಮೆಂಟ್ ಒಳಗೆ. ಐಫೋನ್ ಆದರೆ ಜನರಲ್ ಒಳಗೆ. ಸಮಯವೂ ಟೈಮ್ ಝೋನೂ (ಯಾವ ಊರಿನ ಸಮಯ ಅನ್ನುವುದು) ಆಟೊಮ್ಯಾಟಿಕ್ ಇರಲಿ. ಟೈಮ್ ಝೋನ್ ಕೋಲ್ಕತಾ ಅಂತ ಇದ್ದರೆ ಗಾಬರಿ ಬೇಡ, ಇಡೀ ಭಾರತಕ್ಕೆ ಅದೇ ಹೆಸರು. ಕೆಲವು ಕಡೆ ಹಳೆಯ ಹೆಸರು ಕ್ಯಾಲ್ಕಟಾ ಅಂತಲೂ ಕಾಣಬಹುದು. ಎರಡೂ ಒಂದೇ.

ಹೆಚ್ಚಿನವರು ಮರೆಯುವುದು ಎರಡನೆಯದನ್ನು. ಎಷ್ಟೋ ಆ್ಯಪ್‌ಗಳಲ್ಲಿ ನಿಮ್ಮ ಖಾತೆಗೇ ಪ್ರತ್ಯೇಕ ಟೈಮ್ ಝೋನ್ ಇರುತ್ತದೆ. ಖಾತೆ ತೆರೆದ ದಿನ ಎಲ್ಲಿದ್ದಿರೋ ಅದೇ ಅಲ್ಲಿ ಕೂತಿರಬಹುದು. ಗಲ್ಫಿನಲ್ಲಿ ಇದ್ದಾಗ ಖಾತೆ ತೆರೆದು, ಆಮೇಲೆ ಊರಿಗೆ ಬಂದು ನೆಲೆಸಿದವರು ನಮ್ಮ ಕಡೆ ಮನೆಗೊಬ್ಬರು ಇದ್ದಾರೆ, ಅಲ್ವಾ? ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕತಾರ್, ಕುವೈತ್, ಸೌದಿ ಎರಡೂವರೆ ಗಂಟೆ ಹಿಂದೆ. ಖಾತೆ ಇನ್ನೂ ಅಲ್ಲೇ ಇದ್ದರೆ ನಡುರಾತ್ರಿ ದಾಟಿದ ಮೇಲೆ ಒಂದೆರಡು ಗಂಟೆ ತಾರೀಕು ತಪ್ಪುತ್ತದೆ. ಇದನ್ನು ಮೊಬೈಲ್ ಆ್ಯಪ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಪ್ರೊಫೈಲ್ ಸೆಟ್ಟಿಂಗ್ಸ್ ನೋಡಿ, ಬೇಗ ಸಿಗುತ್ತದೆ.

ಅಣ್ಣನ ಫೋನೂ ಖಾತೆಯೂ ಸರಿಯಾಗಿಯೇ ಇದ್ದವು.

ಬರೆಯುವಾಗ ತಪ್ಪಿದ್ದಾ, ತೋರಿಸುವಾಗ ತಪ್ಪಿದ್ದಾ?

ನನ್ನ ಪ್ರಕಾರ ಈ ಹುಡುಕಾಟದಲ್ಲಿ ಮುಖ್ಯ ಪ್ರಶ್ನೆ ಇದೊಂದೇ. ಅಂಗಡಿಯ ಪುಸ್ತಕದಲ್ಲಿ ಲೆಕ್ಕ ತಪ್ಪಾಗಿ ಬರೆದಿದೆಯಾ ಅಥವಾ ಸರಿಯಾಗಿ ಬರೆದದ್ದನ್ನು ಓದುವವನು ತಪ್ಪಾಗಿ ಓದುತ್ತಿದ್ದಾನಾ ಅನ್ನುವ ಹಾಗೆ. ಇದು ಗೊತ್ತಾಗದೆ ಆ್ಯಪ್ ತೆಗೆದು ಮತ್ತೆ ಹಾಕುವುದು, ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಮಾಹಿತಿ) ಅಳಿಸುವುದು, ಫೋನ್ ರೀಸ್ಟಾರ್ಟ್ ಮಾಡುವುದು ಎಲ್ಲ ಸುಮ್ನೆ ದಂಡ.

ತಿಳಿಯುವ ಸುಲಭದ ದಾರಿ ಎರಡು ಊರಿನ ಪರೀಕ್ಷೆ. ಒಂದು ಹೊಸ ಟಾಸ್ಕ್ ಹಾಕಿ. ಹಗಲು ಹೊತ್ತಿನಲ್ಲಿ, ಕ್ಯಾಲೆಂಡರಿನಿಂದ ಆರಿಸಿ, ಗಂಟೆ ಕೊಡದೆ ಬರೀ ತಾರೀಕು. 20 ಅಂತಿಟ್ಟುಕೊಳ್ಳಿ. ಆಮೇಲೆ ಫೋನಿನ ಆಟೊಮ್ಯಾಟಿಕ್ ಟೈಮ್ ಝೋನ್ ತೆಗೆದು ದುಬೈ ಅಂತ ಇಡಿ. ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ. ಏನು ಕಾಣುತ್ತದೆ ಬರೆದುಕೊಳ್ಳಿ. ಆಮೇಲೆ ನ್ಯೂಯಾರ್ಕ್ ಅಂತ ಇಟ್ಟು ಇನ್ನೊಮ್ಮೆ.

ಎರಡೂ ಕಡೆ 20 ಅಂತಲೇ ಇದ್ದರೆ ಆ್ಯಪ್ ತಾರೀಕನ್ನು ತಾರೀಕಾಗಿಯೇ ಇಟ್ಟುಕೊಂಡಿದೆ, ಒಳ್ಳೆಯದು. ದುಬೈನಲ್ಲಿ 19 ಆದರೆ ಅದು '20ನೇ ತಾರೀಕು' ಅನ್ನುವುದನ್ನು 'ಭಾರತದಲ್ಲಿ 20ರ ನಡುರಾತ್ರಿ' ಅಂತ ಬರೆದುಕೊಂಡಿದೆ. ಆ ಕ್ಷಣದಲ್ಲಿ ದುಬೈನಲ್ಲಿ 19ರ ರಾತ್ರಿ 10:30 ಅಲ್ವಾ, ಅದಕ್ಕೇ 19. ದುಬೈನಲ್ಲಿ 20 ಇದ್ದು ನ್ಯೂಯಾರ್ಕಿನಲ್ಲಿ ಮಾತ್ರ 19 ಆದರೆ ಅದು 'ಯುಟಿಸಿಯಲ್ಲಿ 20ರ ನಡುರಾತ್ರಿ' ಅಂತ ಬರೆದುಕೊಂಡಿದೆ. ಈ ಎರಡನೇ ಜಾತಿಯ ಬಗ್ ಊರಲ್ಲಿ ಕೂತವರಿಗೆ ತಾರೀಕಿನಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿರುವ ಮಗಳು "ಅಮ್ಮಾ, ನನಗೆ ಒಂದು ದಿನ ಮುಂಚೆ ತೋರಿಸ್ತಿದೆ" ಅಂದಾಗಲೇ ಗೊತ್ತಾಗುವುದು.

ಪರೀಕ್ಷೆ ಮುಗಿದ ಮೇಲೆ ಆಟೊಮ್ಯಾಟಿಕ್ ವಾಪಸ್ ಹಾಕಲು ಮರೆಯಬೇಡಿ. ಒಂದು ಎಚ್ಚರಿಕೆ: ಬದಲಿಸಬೇಕಾದದ್ದು ಟೈಮ್ ಝೋನ್ ಮಾತ್ರ, ಗಡಿಯಾರದ ಮುಳ್ಳನ್ನಲ್ಲ. ಝೋನ್ ಬದಲಿಸಿದರೆ ಫೋನಿಗೆ ನಿಜವಾದ ಸಮಯ ಗೊತ್ತೇ ಇರುತ್ತದೆ. ಮುಳ್ಳನ್ನೇ ತಿರುಗಿಸಿದರೆ ವಾಟ್ಸ್‌ಆ್ಯಪ್ ತಕರಾರು ಮಾಡುತ್ತದೆ, ಬ್ಯಾಂಕಿನ ಆ್ಯಪ್‌ಗಳು ಕೈ ಕೊಡಬಹುದು, ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯದೇ ಹೋಗಬಹುದು. ಖಾತೆಗೇ ಟೈಮ್ ಝೋನ್ ಇರುವ ಆ್ಯಪ್ ಆದರೆ ಅದನ್ನೂ ಜೊತೆಗೆ ಬದಲಿಸಬೇಕು, ಇಲ್ಲದಿದ್ದರೆ ಏನೂ ಬದಲಾಗದೆ ನಿಮಗೆ ಮೋಸವಾಗುತ್ತದೆ. ಕಂಪ್ಯೂಟರಿನ ಕ್ರೋಮ್‌ನಲ್ಲಾದರೆ ಡೆವಲಪರ್ ಟೂಲ್ಸ್ ಒಳಗೆ ಸೆನ್ಸರ್ಸ್ ಅಂತ ಒಂದು ಭಾಗ ಇದೆ. ಅಲ್ಲಿ ಊರು ಆರಿಸಿದರೆ ಆ ಟ್ಯಾಬಿಗೆ ಮಾತ್ರ ಟೈಮ್ ಝೋನ್ ಬದಲಾಗುತ್ತದೆ. ಫೋನ್ ಮುಟ್ಟಬೇಕಾಗಿಲ್ಲ.

ನಮಗೆ ಪರೀಕ್ಷೆ ಇನ್ನೂ ಸುಲಭವಾಯಿತು. ಅತ್ತಿಗೆಯ ತಮ್ಮ ದುಬೈಯಲ್ಲೇ ಇದ್ದಾನೆ, ಬೋಟಿನಲ್ಲಿ ಅವನದ್ದೂ ಪಾಲು ಉಂಟು, ಪಟ್ಟಿ ಅವನಿಗೂ ಕಾಣುತ್ತದೆ. ಫೋನ್ ಮಾಡಿ ಕೇಳಿದೆ. ಸರಿಯಾದ ಟಾಸ್ಕ್ ಅವನಿಗೂ ಸರಿ, ತಪ್ಪಾದ ಟಾಸ್ಕ್ ಅವನಿಗೂ ಅದೇ ತಪ್ಪು ತಾರೀಕು. ಅಂದರೆ ತೋರಿಸುವುದರಲ್ಲಿ ದೋಷ ಇಲ್ಲ. ಬರೆಯುವಾಗಲೇ ತಪ್ಪಿದೆ.

ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಸೌಲಭ್ಯ ಇದ್ದರೆ ಸಿಎಸ್‌ವಿ ಫೈಲ್ (ಟಾಸ್ಕ್ ಪಟ್ಟಿಯ ಬರೀ ಅಕ್ಷರದ ಪ್ರತಿ) ಇಳಿಸಿಕೊಂಡು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಎಕ್ಸೆಲ್‌ನಲ್ಲಿ ಬೇಡ, ಅದು ತಾರೀಕನ್ನು ತನ್ನ ಇಷ್ಟದ ಹಾಗೆ ತಿದ್ದಿ ತೋರಿಸುತ್ತದೆ. ಒಳಗೆ ಬರೀ ತಾರೀಕು ಇದ್ದರೆ ಸರಿ. ತಾರೀಕಿನ ಪಕ್ಕ 18:30:00 ಅಂತ ಇದ್ದು ಕೊನೆಗೆ ಇಂಗ್ಲಿಷಿನ ಝಡ್ ಅಕ್ಷರ ಇದ್ದರೆ ಅದು ನಮ್ಮ ನಡುರಾತ್ರಿ ಯುಟಿಸಿ ವೇಷ ಹಾಕಿಕೊಂಡದ್ದು. ಆ ಝಡ್ ಅಂದರೆ ಯುಟಿಸಿ ಅಂತ ಗುರುತು. ಭಾರತದಲ್ಲಿ ಈ ಬಗ್ ಹುಡುಕುವವರಿಗೆ 18:30 ಕಂಡರೆ ಕಳ್ಳನ ಹೆಜ್ಜೆ ಗುರುತು ಸಿಕ್ಕಿದ ಹಾಗೆ.

ನಾಲ್ಕು ಗಂಟೆಗೆ ಏಳದೆ ಪರೀಕ್ಷೆ ಮಾಡುವುದು

ಈಗ ಬೆಳಗಿನ ಜಾವದ ಬಗ್ ಅನ್ನು ಬೇಕೆಂದಾಗ ಬರಿಸಿ ನೋಡಬೇಕು. ಅದಕ್ಕೆ ನಾನು ನಾಲ್ಕಕ್ಕೆ ಏಳುವವನಲ್ಲ. ರಾತ್ರಿ 8:30 ದಾಟಿದ ಮೇಲೆ ಫೋನಿನ ಟೈಮ್ ಝೋನ್ ಟೋಕಿಯೊ ಮಾಡಿ. ಜಪಾನ್ ಯುಟಿಸಿಗಿಂತ 9 ಗಂಟೆ ಮುಂದೆ. ಹಾಗಾಗಿ ನಮ್ಮ ರಾತ್ರಿ 8:30ಕ್ಕೆ ಅಲ್ಲಿ ನಡುರಾತ್ರಿ ಆಗಿ ತಾರೀಕು ಬದಲಾಗಿರುತ್ತದೆ, ಯುಟಿಸಿಯಲ್ಲಿ ಇನ್ನೂ ಹಳೇ ತಾರೀಕೇ. ಅಣ್ಣನ ನಾಲ್ಕು ಗಂಟೆಯ ಪರಿಸ್ಥಿತಿ ಊಟ ಮಾಡಿ ಕೂತಲ್ಲಿಗೇ ಬಂತು.

ಆಗ ಮೂರು ಟಾಸ್ಕ್ ಹಾಕಿ. ಒಂದಕ್ಕೆ 'ನಾಳೆ' ಬಟನ್. ಇನ್ನೊಂದಕ್ಕೆ ಕ್ಯಾಲೆಂಡರಿನಿಂದ ಅದೇ ನಾಳೆಯ ತಾರೀಕು. ಮೂರನೆಯದಕ್ಕೆ ತಾರೀಕಿನ ಜೊತೆ ಬೆಳಗ್ಗೆ 10 ಗಂಟೆ ಅಂತಲೂ ಕೊಡಿ. ಹೆಸರು ಕೊಡುವಾಗ 'ಟೆಸ್ಟ್ 1, ಟೆಸ್ಟ್ 2' ಅಂತ ಇಡಬೇಡಿ, ಹತ್ತು ನಿಮಿಷದಲ್ಲಿ ಯಾವುದು ಯಾವುದು ಅಂತ ನಿಮಗೇ ಮರೆತುಹೋಗುತ್ತದೆ. 'ಬಟನ್, 21 ಬರಬೇಕು' ಅಂತ ಉತ್ತರವನ್ನೇ ಹೆಸರಾಗಿ ಇಡಿ.

ನಮ್ಮಲ್ಲಿ ಬಟನ್ ಒತ್ತಿದ್ದು ಮಾತ್ರ ತಪ್ಪಿತು. ಕ್ಯಾಲೆಂಡರಿನದ್ದೂ ಗಂಟೆ ಕೊಟ್ಟದ್ದೂ ಸರಿಯಾಗಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಅಲ್ಲಿಗೆ ಕಳ್ಳ ಯಾವ ಕೋಣೆಯಲ್ಲಿದ್ದಾನೆ ಅಂತ ಗೊತ್ತಾಯಿತು.

ಬೇರೆ ರೋಗ, ಬೇರೆ ಲಕ್ಷಣ

ಎಲ್ಲ ತಾರೀಕಿನ ತೊಂದರೆಗೂ ಟೈಮ್ ಝೋನೇ ಕಾರಣ ಅಲ್ಲ. ನಿಮ್ಮ ಪಟ್ಟಿ ನೋಡಿ ಇವುಗಳಲ್ಲಿ ಯಾವುದಕ್ಕಾದರೂ ಹೋಲುತ್ತದಾ ನೋಡಿ.

ತಾರೀಕು ಸರಿ ಇದೆ, ಆದರೆ ಆ ದಿನ ಬೆಳಗ್ಗೆ 5:30 ಆದ ಕೂಡಲೇ ಟಾಸ್ಕ್ ಕೆಂಪಾಗಿ ಓವರ್‌ಡ್ಯೂ ಅನ್ನುತ್ತದೆ. ಇದು ಮೇಲೆ ಹೇಳಿದ ಎರಡನೇ ಜಾತಿ. 20 ಅಂದರೆ ಯುಟಿಸಿಯ 20ರ ನಡುರಾತ್ರಿ ಅಂತ ಹಿಡಿದು, ಅದು ದಾಟಿದ ಕೂಡಲೇ ಸಮಯ ಮುಗಿಯಿತು ಅನ್ನುತ್ತದೆ. ಕೆಲಸ ಮಾಡಲು ಇಡೀ ದಿನ ಇದೆ ಅಂತ ಅದಕ್ಕೆ ಗೊತ್ತಿಲ್ಲ.

ಎಕ್ಸೆಲ್ ಶೀಟಿನಿಂದ ತಂದ ಟಾಸ್ಕ್‌ಗಳಲ್ಲಿ ಒಂದು ದಿನ ಅಲ್ಲ, ತಿಂಗಳುಗಟ್ಟಲೆ ವ್ಯತ್ಯಾಸ ಇದ್ದರೆ ಅದು ದಿನ-ತಿಂಗಳು ಅದಲುಬದಲು ಆದದ್ದು. ನಾವು 05/08 ಅಂದರೆ ಆಗಸ್ಟ್ 5. ಅಮೆರಿಕದ ಲೆಕ್ಕದಲ್ಲಿ ಮೇ 8. ಗುರುತು ಹಿಡಿಯುವುದು ಸುಲಭ: 1ರಿಂದ 12ರ ಒಳಗಿನ ತಾರೀಕುಗಳು ಮಾತ್ರ ತಪ್ಪಿರುತ್ತವೆ, 13ರ ಮೇಲಿನವು ಸರಿ ಇರುತ್ತವೆ ಅಥವಾ ಖಾಲಿ ಇರುತ್ತವೆ. 13ನೇ ತಿಂಗಳು ಅಂತ ಇಲ್ಲವಲ್ಲ. ಶೀಟಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರುವ ಹಾಗೆ, 2026-08-05 ಅಂತ ಬರೆದು ಮತ್ತೆ ತನ್ನಿ.

ತಿಂಗಳ ಕೊನೆಯ ದಿನ ಬರುವ ಟಾಸ್ಕ್‌ಗಳು ಇನ್ನೊಂದು ತಲೆನೋವು. ಜನವರಿ 31ಕ್ಕೆ 'ಪ್ರತಿ ತಿಂಗಳು' ಅಂತ ಇಟ್ಟರೆ ಫೆಬ್ರವರಿಯಲ್ಲಿ ಏನು ಮಾಡಬೇಕು? ಕೆಲವು ಆ್ಯಪ್ 28ಕ್ಕೆ ತರುತ್ತವೆ. ಅದರಲ್ಲೂ ಕೆಲವು ಮಾರ್ಚ್‌ನಲ್ಲಿ 31ಕ್ಕೆ ವಾಪಸ್ ಹೋಗದೆ 28ರಲ್ಲೇ ಉಳಿದುಬಿಡುತ್ತವೆ. ಇನ್ನು ಕೆಲವು ಫೆಬ್ರವರಿ ಹಾರಿ ಮಾರ್ಚ್ 3ಕ್ಕೆ ಬೀಳುತ್ತವೆ, ಅಧಿಕ ವರ್ಷ ಆದರೆ ಮಾರ್ಚ್ 2ಕ್ಕೆ. 'ತಿಂಗಳ ಕೊನೆಯ ದಿನ' ಅನ್ನುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ 27ಕ್ಕೆ ಇಟ್ಟು ಸುಖವಾಗಿರಿ.

ಮತ್ತೆ ಮತ್ತೆ ಬರುವ ಟಾಸ್ಕ್‌ಗಳಲ್ಲಿ ಬಗ್ ಅಂತ ಹೇಳುವ ಎಷ್ಟೋ ಸಂಗತಿ ಬಗ್ ಅಲ್ಲವೇ ಅಲ್ಲ. ಮುಂದಿನ ತಾರೀಕನ್ನು ಎಲ್ಲಿಂದ ಎಣಿಸಬೇಕು ಅನ್ನುವುದು ಪ್ರಶ್ನೆ. ಇನ್ಶೂರೆನ್ಸ್ ಕಂತು ನೀವು ತಡ ಮಾಡಿ ಕಟ್ಟಿದರೂ ಮುಂದಿನದು ಹಳೆಯ ತಾರೀಕಿಗೇ ಬರಬೇಕು. ಇಂಜಿನ್ ಆಯಿಲ್ ಹಾಗಲ್ಲ, ಬದಲಿಸಿದ ದಿನದಿಂದ ಎಣಿಸಬೇಕು. ಟುಡೂಯಿಸ್ಟ್ ಅನ್ನುವ ಟಾಸ್ಕ್ ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿ 'ಎವ್ರಿ' ಅಂತ ಬರೆದರೆ ಮೊದಲ ಲೆಕ್ಕ, ಅದಕ್ಕೊಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಎರಡನೇ ಲೆಕ್ಕ. ನಿಮ್ಮ ಆ್ಯಪ್‌ನಲ್ಲಿ ಯಾವ ಲೆಕ್ಕ ಅಂತ ಒಮ್ಮೆ ನೋಡಿಕೊಳ್ಳಿ. ಅಣ್ಣನಿಗಂತೂ ಇನ್ನೊಂದು ವಿಚಿತ್ರ ಇತ್ತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಬೋಟ್ ದಡದಲ್ಲಿ. ಆದರೆ ಪ್ರತಿ ಶನಿವಾರದ ಐಸ್ ಬಿಲ್ ಟಾಸ್ಕ್ ಮಾತ್ರ ಪಾಪ ನಿಯತ್ತಾಗಿ ಬಂದು ಕೆಂಪಾಗಿ ಕೂರುತ್ತಿತ್ತು. ಅದಕ್ಕೆ ಮದ್ದು ಆ್ಯಪ್‌ನಲ್ಲಿಲ್ಲ. ಮೇ 31ಕ್ಕೆ ಮುಗಿಯುವ ಹಾಗೆ ಇಟ್ಟು ಆಗಸ್ಟ್ 1ಕ್ಕೆ ಹೊಸದು ಶುರು ಮಾಡುವುದೇ ಸರಿ.

ಕ್ಯಾಲೆಂಡರ್ ಆ್ಯಪ್‌ಗೆ ಜೋಡಿಸಿದ ಮೇಲೆ ಮಾತ್ರ ಒಂದು ದಿನ ಹೆಚ್ಚು ಕಡಿಮೆ ಆಗುತ್ತಿದ್ದರೆ ಕಾರಣ ಬೇರೆ ಇರಬಹುದು. ಕ್ಯಾಲೆಂಡರ್ ಫೈಲಿನ ನಿಯಮದಲ್ಲಿ ಇಡೀ ದಿನದ ಕಾರ್ಯಕ್ರಮಕ್ಕೆ ಕೊನೆಯ ತಾರೀಕು ಅಂತ ಬರೆಯುವುದು ಅದರ ಮರುದಿನವನ್ನು. 20ಕ್ಕೆ ಮುಗಿಯುವುದಾದರೆ ಒಳಗೆ 21 ಅಂತ ಇರುತ್ತದೆ. ಇದು ಗೊತ್ತಿಲ್ಲದ ಆ್ಯಪ್ 21 ಅಂತಲೇ ತೋರಿಸಿಬಿಡುತ್ತದೆ.

ತಾರೀಕು ಸರಿ ಇದ್ದು ರಿಮೈಂಡರ್ ಮಾತ್ರ ಬರದಿದ್ದರೆ ಇಷ್ಟೆಲ್ಲ ಬೇಡ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಪ್ರತ್ಯೇಕ ಅನುಮತಿ ಕೊಡಬೇಕು. ಸರಿಯಾದ ಗಂಟೆಗೇ ಬಡಿಯಬೇಕಾದರೆ ಆಂಡ್ರಾಯ್ಡ್ 12ರಿಂದ ಅಲಾರ್ಮ್ಸ್ ಅಂಡ್ ರಿಮೈಂಡರ್ಸ್ ಅನ್ನುವ ಅನುಮತಿಯೂ ಇದೆ. ಅವೆರಡು ನೋಡಿ, ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯ ತೆಗೆಯಿರಿ. ಹೆಚ್ಚಿನವರದ್ದು ಅಲ್ಲೇ ಮುಗಿಯುತ್ತದೆ.

ಸರಿಯಾಗುವ ತನಕ ಏನು ಮಾಡುವುದು?

ಬಟನ್ ಬಿಟ್ಟು ಕ್ಯಾಲೆಂಡರಿನಿಂದ ಆರಿಸು ಅಂತ ಅಣ್ಣನಿಗೆ ಹೇಳಿದೆ. ಕತ್ತಲಲ್ಲಿ ಬೈಕ್ ನಿಲ್ಲಿಸಿ ಒಂದು ಕೈಯಲ್ಲಿ ಟೈಪ್ ಮಾಡುವವನಿಗೆ ಅದು ಕಷ್ಟ, ನಿಜ. ಆದರೂ ನಾಲ್ಕು ದಿನದಲ್ಲಿ ಅಭ್ಯಾಸ ಆಯಿತು.

ಬೇರೆ ಬೇರೆ ದೇಶದವರು ಒಂದೇ ಪಟ್ಟಿ ನೋಡುವುದಾದರೆ ಬರೀ ತಾರೀಕು ಕೊಡಬೇಡಿ, ಗಂಟೆಯನ್ನೂ ಕೊಡಿ. ಮಧ್ಯಾಹ್ನ 12 ಕೊಟ್ಟರೆ ಸಾಕು ಅಂತ ನಾನು ಮೊದಲು ಅಂದುಕೊಂಡಿದ್ದೆ. ಗಲ್ಫಿಗೂ ಲಂಡನ್ನಿಗೂ ನ್ಯೂಯಾರ್ಕಿಗೂ ಅದು ಸರಿ. ಕ್ಯಾಲಿಫೋರ್ನಿಯಾಕ್ಕೆ ಹಿಂದಿನ ರಾತ್ರಿ ಆಗಿಬಿಡುತ್ತದೆ. ಸಂಜೆ 5 ಕೊಡಿ. ಆಗ ಕ್ಯಾಲಿಫೋರ್ನಿಯಾದಲ್ಲಿ ಅದೇ ದಿನದ ಬೆಳಗಿನ ಜಾವ, ಟೋಕಿಯೊದಲ್ಲಿ ಅದೇ ದಿನದ ರಾತ್ರಿ 8:30. ನಮ್ಮ ಊರಿನ ಮಕ್ಕಳು ಇರುವ ಹೆಚ್ಚಿನ ಜಾಗಗಳಿಗೆ ಸಂಜೆ 5 ನಡೆಯುತ್ತದೆ.

ಆ್ಯಪ್‌ನವರಿಗೆ ಬರೆಯುವಾಗ

"ನಿಮ್ಮ ಆ್ಯಪ್‌ನಲ್ಲಿ ತಾರೀಕು ತಪ್ಪು ಬರುತ್ತದೆ, ಬೇಗ ಸರಿ ಮಾಡಿ" ಅಂತ ಬರೆದರೆ "ಆ್ಯಪ್ ಅಪ್‌ಡೇಟ್ ಮಾಡಿ ನೋಡಿ" ಅನ್ನುವ ಉತ್ತರ ಬರುತ್ತದೆ. ನಾನೂ ಆ ತರದ ಉತ್ತರ ಕಳಿಸಿದವನೇ, ಹಾಗಾಗಿ ಗೊತ್ತು. ನಾವು ಕಳಿಸಿದ್ದು ಇಂಗ್ಲಿಷಿನಲ್ಲಿ, ಆದರೆ ವಿಷಯ ಇಷ್ಟು:

"ಭಾರತೀಯ ಸಮಯ ರಾತ್ರಿ 12ರಿಂದ ಬೆಳಗಿನ 5:30ರ ಒಳಗೆ 'ನಾಳೆ' ಬಟನ್ ಒತ್ತಿದರೆ ಟಾಸ್ಕಿಗೆ ಅದೇ ದಿನದ ತಾರೀಕು ಬರುತ್ತದೆ. ಉಳಿದ ಹೊತ್ತಿನಲ್ಲಿ ಸರಿ. ಕ್ಯಾಲೆಂಡರಿನಿಂದ ಆರಿಸಿದರೆ ಯಾವಾಗಲೂ ಸರಿ. ದುಬೈಯಲ್ಲಿರುವ ಸದಸ್ಯರಿಗೂ ಅದೇ ತಪ್ಪು ತಾರೀಕು ಕಾಣುತ್ತದೆ, ಅಂದರೆ ಸೇವ್ ಆಗುವಾಗಲೇ ತಪ್ಪಾಗಿದೆ. ನೀವು ನೋಡಬೇಕಾದರೆ ಫೋನಿನ ಟೈಮ್ ಝೋನ್ ಟೋಕಿಯೊ ಮಾಡಿ, ಅಲ್ಲಿಯ ಗಡಿಯಾರದಲ್ಲಿ ಬೆಳಗಿನ 9ರ ಒಳಗೆ ಬಟನ್ ಒತ್ತಿ."

ಜೊತೆಗೆ ಫೋನ್ ಮಾಡೆಲ್, ಆಂಡ್ರಾಯ್ಡ್ ಎಷ್ಟು, ಆ್ಯಪ್‌ನ ವರ್ಶನ್ ಎಷ್ಟು, ಎರಡು ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟಿನಲ್ಲಿ ಮೇಲ್ಗಡೆಯ ಗಡಿಯಾರ ಕಾಣುವ ಹಾಗೆ ಇರಲಿ. ಬೇರೆಯವರ ಹೆಸರು, ದುಡ್ಡಿನ ಲೆಕ್ಕ ಇದ್ದರೆ ಮುಚ್ಚಿ ಕಳಿಸಿ.

ಕೋಡ್ ಬರೆಯುವವರಿಗೆ ಎರಡು ಮಾತು

ಇದನ್ನು ಓದುತ್ತಿರುವವರಲ್ಲಿ ಆ್ಯಪ್ ಬರೆಯುವವರೂ ಇರುತ್ತೀರಿ. ಡ್ಯೂ ಡೇಟ್ ಅನ್ನುವುದು ಕ್ಷಣ ಅಲ್ಲ, ದಿನ. ಬಳಕೆದಾರ ಗಂಟೆ ಕೊಡದಿದ್ದರೆ ನೀವೂ ಗಂಟೆ ಸೇರಿಸಬೇಡಿ. ಡೇಟಾಬೇಸಿನಲ್ಲಿ ಡೇಟ್ ಕಾಲಮ್, ಜಾವಾದಲ್ಲಿ ಲೋಕಲ್‌ಡೇಟ್ ಇರುವುದೇ ಇದಕ್ಕೆ. ಜಾವಾಸ್ಕ್ರಿಪ್ಟ್‌ನಲ್ಲಿ ಟುಐಎಸ್‌ಒಸ್ಟ್ರಿಂಗ್ ಕರೆದು ಮೊದಲ ಹತ್ತು ಅಕ್ಷರ ಕತ್ತರಿಸುವುದು ತುಂಬಾ ಜನರ ಅಭ್ಯಾಸ. ಅಣ್ಣನ ಬಗ್ ಹುಟ್ಟಿದ್ದು ಹಾಗೆಯೇ ಅಂತ ನನ್ನ ಅನುಮಾನ, ಯಾಕೆಂದರೆ ಅದು ಕೊಡುವುದು ಯುಟಿಸಿ ತಾರೀಕು. ಅದೇ ಭಾಷೆಯಲ್ಲಿ ಬರೀ ತಾರೀಕಿನ ಸ್ಟ್ರಿಂಗ್ ಕೊಟ್ಟರೆ ಯುಟಿಸಿ ಅಂತ ಓದುತ್ತದೆ, ಜೊತೆಗೆ ಗಂಟೆ ಕೊಟ್ಟರೆ ಸ್ಥಳೀಯ ಸಮಯ ಅಂತ ಓದುತ್ತದೆ. ಇದನ್ನು ನೆನಪಿಡುವುದಕ್ಕಿಂತ ಗೋಡೆಗೆ ಅಂಟಿಸಿಕೊಳ್ಳುವುದು ವಾಸಿ.

ಬಳಕೆದಾರರ ಟೈಮ್ ಝೋನನ್ನು +5:30 ಅಂತ ಅಂಕಿಯಾಗಿ ಇಡಬೇಡಿ, ಏಷ್ಯಾ/ಕೋಲ್ಕತಾ ಅಂತ ಹೆಸರಾಗಿ ಇಡಿ. ನಮಗೆ ವರ್ಷವಿಡೀ ಒಂದೇ ಸಮಯ. ಲಂಡನ್ನಿನವರ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಮತ್ತೆ, ಟೆಸ್ಟ್‌ಗಳನ್ನು ಟೋಕಿಯೊ, ಕೋಲ್ಕತಾ, ನ್ಯೂಯಾರ್ಕ್ ಮೂರು ಝೋನಿನಲ್ಲೂ ಓಡಿಸಿ. ಗಡಿಯಾರ ರಾತ್ರಿ 12:15 ಅಂತ ಇಟ್ಟು ಒಮ್ಮೆ, ಬೆಳಗಿನ 5:29ಕ್ಕೆ ಒಮ್ಮೆ.

ಅಪ್‌ಡೇಟ್ ಬಂದ ಮೇಲೆ

ಕೆಲವು ವಾರದಲ್ಲಿ ಆ್ಯಪ್‌ಗೆ ಅಪ್‌ಡೇಟ್ ಬಂತು. ಟೋಕಿಯೊ ಪರೀಕ್ಷೆ ಮತ್ತೆ ಮಾಡಿದೆ, 'ನಾಳೆ' ಒತ್ತಿದರೆ ನಾಳೆಯೇ ಬಂತು. ಅಣ್ಣ ಮರುದಿನ ನಾಲ್ಕೂಕಾಲಿಗೆ ಒತ್ತಿ ನೋಡಿ, ಆಗಲೇ ನನಗೆ ಫೋನ್ ಮಾಡಿ ಹೇಳಿದ. ನಾನು ಮಲಗಿದ್ದೆ.

ಒಂದು ವಿಷಯ ಮಾತ್ರ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ. ಬರೆಯುವಾಗಲೇ ತಪ್ಪಿದ ಹಳೆಯ ಟಾಸ್ಕ್‌ಗಳು ತಪ್ಪಾಗಿಯೇ ಉಳಿಯುತ್ತವೆ. ಯಾವುದು ಬೇಕೆಂದೇ ಇಟ್ಟ ತಾರೀಕು, ಯಾವುದು ಬಗ್‌ನಿಂದ ಬಂದದ್ದು ಅಂತ ಆ್ಯಪ್‌ಗೆ ತಿಳಿಯುವುದಿಲ್ಲ. ಬೆಳಗಿನ 5:30ರ ಮೊದಲು ಹಾಕಿದವನ್ನೆಲ್ಲ ಹಿಸ್ಟರಿ ನೋಡಿ ಕೈಯಲ್ಲೇ ತಿದ್ದಬೇಕು. ಮತ್ತೆ ಮತ್ತೆ ಬರುವ ಟಾಸ್ಕ್‌ಗಳನ್ನು ಮೊದಲು ನೋಡಿ, ಅವು ತಪ್ಪನ್ನು ಮುಂದಿನ ತಿಂಗಳಿಗೂ ಒಯ್ಯುತ್ತವೆ.

ಅಣ್ಣನ ಪಟ್ಟಿಯಲ್ಲಿ ಅಂಥವು ಹನ್ನೊಂದು ಸಿಕ್ಕಿದವು. ಅತ್ತಿಗೆ ಒಂದು ಮಧ್ಯಾಹ್ನ ಕೂತು ಹತ್ತನ್ನು ತಿದ್ದಿದರು. ಐಸ್ ಪ್ಲಾಂಟಿನದ್ದನ್ನು ಮಾತ್ರ ಮುಟ್ಟಲಿಲ್ಲ. "ಅದು ಒಂದು ದಿನ ಮುಂಚೆಯೇ ಇರ್ಲಿ" ಅಂದರು. "ಈಗ ಅವರು ಐಸ್ ಮೊದಲು ನಮ್ಮ ಬೋಟಿಗೇ ಕೊಡ್ತಾರೆ."